ಎಡೆದೊರೆ ನಾಡಿನ ನೆರೆನುಡಿ

ಜರ್ಮನ್ ಭಾಷೆಯನ್ನು ತಕ್ಕಮಟ್ಟಿಗೆ ಕಲಿತ ಒಬ್ಬನು ಹಾಲೆಂಡ್ ದೇಶಕ್ಕೆ ಪ್ರಯಾಣಮಾಡುತ್ತಾನೆಂದು ಭಾವಿಸೋಣ. ಅಲ್ಲಿಯ ಜನರ ಮಾತು ಡಚ್ಚು. ಅದನ್ನು ಅವನು ಕಲಿತವನಲ್ಲ. ಆದರೂ ರೈಲುನಿಲ್ದಾಣದ ಹಲಗೆಗಳನ್ನು ಓದುವಾಗಲೂ ಅಂಗಡಿಯಲ್ಲಿ ಸಾಮಾನುಗಳ ಹೆಸರನ್ನು ನೋಡುವಾಗಲೂ ಅವನಿಗೆ ಎಷ್ಟೋ ಮಾತುಗಳು ಗೊತ್ತಾಗುತ್ತವೆ. ಜರ್ಮನರು ನೀರಿಗೆ ವಾಸ್ಸರ್ ಎಂದರೆ ಡಚ್ಚರು ವಾಟರ್ ಎನ್ನುತ್ತಾರೆ. ಉಣ್ಣುವುದಕ್ಕೆ ಅಲ್ಲಿ ಎಸ್ಸೆನ್, ಇಲ್ಲಿ ಏಟೆನ್. ಸೇಬಿನ ಹಣ್ಣಿಗೆ ಅಲ್ಲಿ ಆಪ್ಫೆಲ್, ಇಲ್ಲಿ ಆಪೆಲ್. ಮಾಡುವುದಕ್ಕೆ ಅಲ್ಲಿ ಮಾಖೆನ್, ಇಲ್ಲಿ ಮಾಕೆನ್. ಸುಮಾರು ಆರರಿಂದ ಎಂಟನೆಯ ಶತಮಾನದೊಳಗೆ ಜರ್ಮನ್ ಭಾಷೆಯ ಪ, ಟ, ಕ ಎಂಬ ವ್ಯಂಜನಗಳು ಅನೇಕ ಸ್ಥಳಗಳಲ್ಲಿ ಮಾರ್ಪಟ್ಟವು; ಡಚ್ಚಿನಲ್ಲಿ ಅವು ಹಿಂದಿದ್ದಂತೆಯೇ ನಿಂತವು. ಈ ಒಂದು ಸೂತ್ರವನ್ನು ತಿಳಿದವನಿಗೆ ನೂರಾರು ಶಬ್ದಗಳ ಬಾಗಿಲು ತೆರೆಯುತ್ತದೆ.

ಆದರೆ ಅದೇ ಪ್ರಯಾಣಿಕನು ಎಡವುವ ಸ್ಥಳಗಳೂ ಉಂಟು. ಜರ್ಮನ್ನಿನಲ್ಲಿ ಮೇರ್ ಎಂದರೆ ಸಮುದ್ರ. ಡಚ್ಚಿನಲ್ಲಿ ಅದೇ ಶಬ್ದಕ್ಕೆ ಸರೋವರವೆಂದು ಅರ್ಥ. ಡಚ್ಚರ ಸಮುದ್ರವು ಜೇ. ಜರ್ಮನ್ನಿನಲ್ಲಿ ಆ ಶಬ್ದವನ್ನು ಪುಲ್ಲಿಂಗದಲ್ಲಿ ಪ್ರಯೋಗಿಸಿದರೆ ಸರೋವರವಾಗುತ್ತದೆ. ಟೆಲಿಫೋನಿನಲ್ಲಿ ಕರೆಯುವುದಕ್ಕೆ ಡಚ್ಚರು ಬೆಲ್ಲೆನ್ ಎನ್ನುತ್ತಾರೆ. ಜರ್ಮನ್ನಿನಲ್ಲಿ ನಾಯಿ ಬೊಗಳುವುದಕ್ಕೆ ಆ ಮಾತು ಸಲ್ಲುತ್ತದೆ. ಹೀಗೆ, ನೆರೆಯ ಭಾಷೆಯೆಂಬುದು ನಮ್ಮನ್ನು ಕೈಹಿಡಿದು ನಡೆಸುವುದೂ ಉಂಟು, ಹಳ್ಳಕ್ಕೆ ದೂಡುವುದೂ ಉಂಟು.

ಈ ವಿಷಯವನ್ನು ತಿಳಿಯಲು ನಾವು ಹಾಲೆಂಡಿಗೆ ಹೋಗಬೇಕಾದುದಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ರಾಯಚೂರಿನ ಪ್ರದೇಶದಲ್ಲಿ ಜನರು ಸಾವಿರ ವರ್ಷಗಳಿಗೂ ಮಿಗಿಲಾಗಿ ಇದೇ ಪ್ರಶ್ನೆಯನ್ನು ದಿನದಿನವೂ ಎದುರಿಸಿ ಉತ್ತರ ಕಂಡುಕೊಂಡಿದ್ದಾರೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಇದಕ್ಕೆ ಹಿಂದಿನವರು ಎಡೆದೊರೆ ನಾಡೆಂದು ಹೆಸರಿಟ್ಟರು. ಈ ನಾಡಿನಲ್ಲಿ ಒಂದೇ ಹೆದ್ದಾರಿಯ ಮೇಲೆ ಒಂದಾದ ಮೇಲೊಂದರಂತೆ ಮೂರು ಊರುಗಳು ಸಿಕ್ಕುತ್ತವೆ: ಲಿಂಗಸುಗೂರು, ಮಸ್ಕಿ, ಸಿಂಧನೂರು. ಭಾಷೆಗಳ ಚರಿತ್ರೆಯನ್ನು ವಿಚಾರಿಸುವವನಿಗೆ ಈ ಮೂರು ಊರುಗಳು ಮೂರು ಬೇರೆ ಬೇರೆ ಪಾಠಗಳನ್ನು ಹೇಳುತ್ತವೆ.

ಮೊದಲು ಮಸ್ಕಿಯನ್ನು ನೋಡೋಣ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರು ಈ ಸೀಮೆಯಲ್ಲಿ ಚಿನ್ನದ ನೆಲೆಗಳನ್ನು ಹುಡುಕುತ್ತಿದ್ದಾಗ, ಊರ ಬಳಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಶಾಸನ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದಿನ ಪ್ರಾಚ್ಯಸಂಶೋಧನ ಮಾಲೆಯಲ್ಲಿ ಪ್ರಕಟಪಡಿಸಿದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಂದಿನಿಂದ, ಬಂಡೆಗಳ ಮೇಲೆ ಕಾಣುವ ದೇವಾನಂಪಿಯ ಪಿಯದಸಿ ಎಂಬ ರಾಜನು ಅಶೋಕನೇ ಆಗಿರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಊಹೆಗೆ ಬಂಡೆಯ ಮೇಲಿನ ಸಾಕ್ಷಿ ಮೊದಲು ದೊರೆತುದು ಮಸ್ಕಿಯಲ್ಲಿ. ಅಲ್ಲಿ ‘ಅಸೋಕಸ’ ಎಂದು ರಾಜನ ಸ್ವಂತ ಹೆಸರೇ ಕೊರೆದಿದೆ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಗಳಲ್ಲಿಯೂ, ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಆ ಹೆಸರುಳ್ಳ ಶಾಸನಗಳು ದೊರೆತವು.

ಸಂಸ್ಕೃತವನ್ನು ಸ್ವಲ್ಪ ಬಲ್ಲವನು ಈ ಶಾಸನದ ಪ್ರಾಕೃತವನ್ನು ಓದಿದರೆ, ಜರ್ಮನ್ ಬಲ್ಲವನು ಡಚ್ಚನ್ನು ಓದಿದ ಅನುಭವವೇ ಆಗುತ್ತದೆ. ‘ಪ್ರಿಯ’ ಎಂಬುದು ‘ಪಿಯ’ ಆಗಿದೆ. ಒತ್ತಕ್ಷರದ ರೇಫ ಬಿದ್ದುಹೋಗಿದೆ. ‘ಅಶೋಕಸ್ಯ’ ಎಂಬುದು ‘ಅಸೋಕಸ’ ಆಗಿದೆ. ಶಕಾರವು ಸಕಾರವಾಗಿದೆ, ಕೊನೆಯ ಯಕಾರ ಲೋಪವಾಗಿದೆ. ಇಂತಹ ಎರಡು ಮೂರು ನಿಯಮಗಳನ್ನು ಹಿಡಿದರೆ ಉಳಿದುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಆದರೆ ಅಂದಿನ ಮಸ್ಕಿಯ ರೈತನಿಗೆ ಇದು ಅರ್ಥವಾಗುತ್ತಿತ್ತೆ? ಆಗುತ್ತಿದ್ದಿತೆಂದು ನಂಬುವುದು ಕಷ್ಟ. ಈ ಸೀಮೆಯ ಜನರ ಮಾತು ದ್ರಾವಿಡ ಮೂಲದ್ದು. ಶಾಸನದ ಮಾತು ಉತ್ತರದಿಂದ ಬಂದುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸುತ್ತಣ ಶಾಸನಗಳಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಪರಿಚಯವುಳ್ಳವರು ಇಲ್ಲಿ ರಾಜನ ಆಜ್ಞೆಯನ್ನು ಕೊರೆದರು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನವು, ಅಧಿಕಾರಿಗಳು ಭೇರಿಯನ್ನು ಬಾರಿಸಿ ಆಜ್ಞೆಯನ್ನು ಜನಪದಕ್ಕೆ ತಿಳಿಸತಕ್ಕದ್ದೆಂದು ವಿಧಿಸುತ್ತದೆ. ಎಂದರೆ, ಬಂಡೆಗೂ ಜನರಿಗೂ ನಡುವೆ ಬಾಯಿಂದ ಹೇಳುವವನೊಬ್ಬನು ನಿಲ್ಲಬೇಕಾಗಿತ್ತು. ಮೇಲಿನಿಂದ ಇಳಿದು ಬಂದ ಭಾಷೆಗೆ ದುಭಾಷಿ ಬೇಕು ಎಂಬುದು ಮಸ್ಕಿಯ ಪಾಠ.

ಲಿಂಗಸುಗೂರು ಅದೇ ಪಾಠವನ್ನು ಹತ್ತಿರದ ಕಾಲದಲ್ಲಿ ಮತ್ತೊಮ್ಮೆ ಹೇಳುತ್ತದೆ. ಹೈದರಾಬಾದ್ ಸಂಸ್ಥಾನದ ಆಳಿಕೆಯಲ್ಲಿ ಇದು ಕಂಟಿಂಜೆಂಟ್ ಸೈನ್ಯದ ದಂಡು ಬೀಡುಬಿಟ್ಟಿದ್ದ ಸ್ಥಳ. ೧೯೦೫ರ ವರೆಗೆ ಒಂದು ಜಿಲ್ಲೆಯ ಮುಖ್ಯಸ್ಥಾನವೂ ಹೌದು. ಸಂಸ್ಥಾನದಲ್ಲಿ ಬಹುಕಾಲ ಪಾರಸಿಯೇ ದಫ್ತರದ ಭಾಷೆಯಾಗಿದ್ದಿತು. ೧೮೮೦ರ ದಶಕದಲ್ಲಿ ಆ ಸ್ಥಾನಕ್ಕೆ ಉರ್ದು ಬಂದಿತು. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. ಮನೆಯಲ್ಲಿ ಕನ್ನಡವನ್ನಾಡುವ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಲಾರನು. ಅರ್ಜಿ ಬರೆಯುವವನನ್ನು ಆಶ್ರಯಿಸಬೇಕು. ಈ ವ್ಯವಸ್ಥೆ ಬಿಟ್ಟುಹೋದ ಗುರುತು ಇಂದಿಗೂ ಮಾತಿನಲ್ಲಿ ಉಳಿದಿದೆ. ಜಮೀನು, ಜಿಲ್ಲೆ, ತಹಸೀಲು, ರಸೀದಿ, ಕೌಲು, ಅರ್ಜಿ, ವಕೀಲ ಇವೆಲ್ಲವೂ ಪಾರಸಿ ಅರಬ್ಬೀ ಮೂಲದಿಂದ ಬಂದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಮನಾಗಿ ಬೇರೂರಿದವು. ಆದಕಾರಣ ಎಡೆದೊರೆಯ ಕನ್ನಡಿಗನೂ ತೆಲುಗನೂ ಕಚೇರಿಯ ಮಾತನ್ನಾಡುವಾಗ, ಇಬ್ಬರಿಗೂ ತಮ್ಮದಲ್ಲದ ಶಬ್ದಗಳೇ ಅವರಿಬ್ಬರನ್ನೂ ಕೂಡಿಸುವ ಸೇತುವೆಯಾಗುವುದುಂಟು.

ಇನ್ನು ಮೂರನೆಯ ಪಾಠ. ಅದು ಮೇಲಿನಿಂದ ಇಳಿದ ಭಾಷೆಯದಲ್ಲ, ಪಕ್ಕದಿಂದ ನಡೆದು ಬಂದ ಭಾಷೆಯದು. ೧೯೪೫ರಲ್ಲಿ ಮದ್ರಾಸು ಮತ್ತು ಹೈದರಾಬಾದ್ ಸರಕಾರಗಳು ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನಲ್ಲಿ ೧೯೫೩ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಗಂಗಾವತಿಯನ್ನು ದಾಟಿ ಸಿಂಧನೂರಿನ ಸೀಮೆಗೆ ಹರಿಯಿತು. ಜೋಳವನ್ನೇ ನಂಬಿದ್ದ ಎರೆಯ ನೆಲದಲ್ಲಿ ಬತ್ತದ ಗದ್ದೆಗಳು ಎದ್ದವು. ನೀರಾವರಿಯ ಬೇಸಾಯದಲ್ಲಿ ನುರಿತ ತೆಲುಗು ರೈತರು ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ಬಂದು, ಇಲ್ಲಿ ಭೂಮಿಯನ್ನು ಕೊಂಡು, ಹೊಲಗಳ ನಡುವೆಯೇ ಮನೆಗಳನ್ನು ಕಟ್ಟಿಕೊಂಡರು. ಆ ವಸತಿಗಳಿಗೆ ಜನರು ಕ್ಯಾಂಪು ಎಂದು ಹೆಸರಿಟ್ಟರು. ಹಳ್ಳಿಯಲ್ಲಿ ಕನ್ನಡ, ಕ್ಯಾಂಪಿನಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಎಂಬ ಸ್ಥಿತಿ ಉಂಟಾಯಿತು. ಇಲ್ಲಿ ರಾಜಾಜ್ಞೆಯಿಲ್ಲ, ದುಭಾಷಿಯೂ ಇಲ್ಲ. ನಾಟಿಯ ಕೂಲಿಯನ್ನೂ ಬತ್ತದ ಬೆಲೆಯನ್ನೂ ಕಾಲುವೆಯ ಸರದಿಯನ್ನೂ ಇಬ್ಬರೂ ಅರೆಬರೆ ತಿಳಿದ ಮಾತಿನಲ್ಲಿಯೇ ತೀರ್ಮಾನಿಸಿಕೊಳ್ಳಬೇಕು.

ಹಾಗಾದರೆ ಕನ್ನಡ ಬಲ್ಲವನಿಗೆ ತೆಲುಗು ಎಷ್ಟು ದಕ್ಕುತ್ತದೆ? ಇಲ್ಲಿಯೂ ಕೆಲವು ಸೂತ್ರಗಳಿವೆ. ಮೊದಲನೆಯದು ಪಕಾರ ಹಕಾರಗಳದು. ನಮ್ಮ ಹಾಲು ಅವರ ಪಾಲು, ಹುಲಿ ಪುಲಿ, ಹಂದಿ ಪಂದಿ, ಹಾವು ಪಾಮು, ಹಣ್ಣು ಪಂಡು, ಹೊಲ ಪೊಲಮು, ಹೊಗೆ ಪೊಗ, ಹಳ್ಳಿ ಪಲ್ಲೆ, ಹೆಸರು ಪೇರು, ಹತ್ತು ಪದಿ. ಸ್ಥೂಲವಾಗಿ ಹತ್ತನೆಯ ಶತಮಾನದಿಂದ ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡದ ಪದಾದಿಯ ಪಕಾರವು ಹಕಾರವಾಯಿತು. ತೆಲುಗಿನಲ್ಲಿ ಅದು ಕದಲಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ಕನ್ನಡಿಗನು ಜರ್ಮನನ ಸ್ಥಾನದಲ್ಲಿದ್ದಾನೆ, ತೆಲುಗನು ಡಚ್ಚನ ಸ್ಥಾನದಲ್ಲಿದ್ದಾನೆ. ಹಳಗನ್ನಡವನ್ನು ಓದಿದವನಿಗೆ ಈ ತೊಡಕೂ ಇಲ್ಲ. ಪಂಪನ ಕಾವ್ಯದಲ್ಲಿ ಹಾಲು ಪಾಲಾಗಿಯೇ ಇದೆ, ಹುಲಿ ಪುಲಿಯಾಗಿಯೇ ಇದೆ. ಕಾಲೇಜಿನಲ್ಲಿ ಹಳಗನ್ನಡದಿಂದ ಲೌಕಿಕ ಪ್ರಯೋಜನವೇನೆಂದು ಕೇಳುವ ವಿದ್ಯಾರ್ಥಿಗೆ, ಸಿಂಧನೂರಿನ ಸಂತೆಯಲ್ಲಿ ಹಾಲು ಕೊಳ್ಳಲು ಅದು ನೆರವಾಗುತ್ತದೆಂದು ಹೇಳಬಹುದು! ಮಸ್ಕಿಯ ಹಳೆಯ ಹೆಸರೇ ಇದಕ್ಕೆ ನಿದರ್ಶನ. ಚಾಲುಕ್ಯರ ಕಾಲದಲ್ಲಿ ಆ ಊರು ಪಿರಿಯ ಮೊಸಂಗಿ. ಇಂದಿನ ಕನ್ನಡದಲ್ಲಿ ಹೇಳುವುದಾದರೆ ಹಿರಿಯ ಮೊಸಂಗಿ.

ಎರಡನೆಯ ಸೂತ್ರ ಬಕಾರ ವಕಾರಗಳದು. ನಮ್ಮ ಬೆಣ್ಣೆ ಅವರ ವೆನ್ನ, ಬೇರು ವೇರು, ಬಿಲ್ಲು ವಿಲ್ಲು, ಬೆಲೆ ವೆಲ, ಬೇವು ವೇಪ, ಬೇಸಗೆ ವೇಸವಿ. ಜರ್ಮನ್ ಮತ್ತು ಡಚ್ಚುಗಳ ನಡುವೆಯೂ ಇದನ್ನೇ ಹೋಲುವ ಹೊಂದಿಕೆಯುಂಟು: ಬದುಕುವುದಕ್ಕೆ ಜರ್ಮನರು ಲೇಬೆನ್ ಎಂದರೆ ಡಚ್ಚರು ಲೇವೆನ್ ಎನ್ನುತ್ತಾರೆ. ಮೂರನೆಯ ಸೂತ್ರದಲ್ಲಿ ಮಾರ್ಪಟ್ಟವರು ತೆಲುಗರು. ಇ, ಎ ಎಂಬ ಸ್ವರಗಳ ಹಿಂದೆ ಪದಾದಿಯಲ್ಲಿರುವ ನಮ್ಮ ಕಕಾರವು ಅವರಲ್ಲಿ ಚಕಾರವಾಗುತ್ತದೆ: ಕಿವಿ ಚೆವಿ, ಕೆರೆ ಚೆರುವು, ಕೆಡು ಚೆಡು, ಹಳಗನ್ನಡದ ಕೆಯ್ ಅವರಲ್ಲಿ ಚೆಯ್ಯಿ. ನಾಲ್ಕನೆಯದಾಗಿ, ಮೊದಲ ಸ್ವರವನ್ನು ಕೆಲವೆಡೆ ತೆಲುಗು ಬಿಟ್ಟುಬಿಡುತ್ತದೆ: ಅವರು ಎಂಬುದು ವಾರು, ಇವರು ಎಂಬುದು ವೀರು, ಎರಡು ಎಂಬುದು ರೆಂಡು. ಕೊನೆಯ ಎಕಾರವು ಅಕಾರವಾಗುವುದಂತೂ ಬಹು ಸಾಮಾನ್ಯ: ತಲೆ ತಲ, ಮಜ್ಜಿಗೆ ಮಜ್ಜಿಗ. ಇವುಗಳ ಮೇಲೆ ಎರಡು ಭಾಷೆಗಳಲ್ಲಿಯೂ ಇರುವ ಸಂಸ್ಕೃತ ಶಬ್ದಗಳನ್ನೂ ಕಚೇರಿಯ ಉರ್ದು ಶಬ್ದಗಳನ್ನೂ, ಊರು, ದಾರಿ, ಉಪ್ಪು, ಬಂಡಿ ಮೊದಲಾದ ಸಮಾನ ಮಾತುಗಳನ್ನೂ ಸೇರಿಸಿದರೆ ಪ್ರಯಾಣಿಕನ ಚೀಲದಲ್ಲಿ ಸಾಕಷ್ಟು ಬುತ್ತಿಯಾಗುತ್ತದೆ.

ಬುತ್ತಿಯಿದ್ದ ಮಾತ್ರಕ್ಕೆ ದಾರಿ ತಪ್ಪದೆಂಬುದೇನೂ ಇಲ್ಲ. ತೆಲುಗರ ಪಾಲು ಹಾಲೂ ಹೌದು, ನಮ್ಮ ಪಾಲಿನಂತೆ ಭಾಗವೂ ಹೌದು. ಸೂತ್ರವನ್ನು ಹಿಡಿದು ಹೊರಟವನು ಎಲ್ಲೆಡೆಯೂ ಹಾಲನ್ನೇ ಕಂಡರೆ ಬೆಳೆಯ ಹಂಚಿಕೆಯಲ್ಲಿ ನಷ್ಟಪಟ್ಟಾನು. ಅವರ ಇಲ್ಲು ಎಂದರೆ ಮನೆ. ನಮ್ಮ ಕಿವಿಗೆ ಅದು ‘ಇಲ್ಲ’ ಎಂದು ಕೇಳಿಸುತ್ತದೆ. ಅವರು ಹೌದೆನ್ನಲು ಅವುನು ಎಂದರೆ ನಾವು ‘ಅವನು ಯಾರು’ ಎಂದು ಕೇಳುತ್ತೇವೆ. ಅವರ ಮಾಟ ಬರಿಯ ಮಾತು. ನಮ್ಮ ಮಾಟಕ್ಕೆ ಮಂತ್ರವಾದಿ ಬೇಕು. ಕಲ್ಲಿನ ವಿಷಯವಂತೂ ಇನ್ನೂ ವಿನೋದಕರ. ನಮ್ಮ ಕಳ್ಳು ತೆಲುಗಿನಲ್ಲಿ ಕಲ್ಲು. ತೆಲುಗಿನ ಕಳ್ಳು ಎಂದರೆ ಕಣ್ಣುಗಳು. ನಮ್ಮ ಕಲ್ಲಿಗೆ ಅವರು ರಾಯಿ ಎನ್ನುತ್ತಾರೆ. ನಾಲ್ಕು, ಐದು, ಆರು ಎಂಬ ಎಣಿಕೆಗಳು ಕೇಳಿದ ಕೂಡಲೇ ತಿಳಿಯುತ್ತವೆ. ಆದರೆ ಒಂದಕ್ಕೆ ಒಕಟಿ, ಏಳಕ್ಕೆ ಏಡು, ಎಂಟಕ್ಕೆ ಎನಿಮಿದಿ ಎಂಬುವು ಸುಲಭವಾಗಿ ತಿಳಿಯವು. ಹಣದ ವ್ಯವಹಾರದಲ್ಲಿ ಅರ್ಧ ತಿಳಿವಳಿಕೆಯು ಪೂರ್ಣ ಅಜ್ಞಾನಕ್ಕಿಂತ ಅಪಾಯಕರ. ತಿಳಿಯದವನು ಮತ್ತೊಮ್ಮೆ ಕೇಳುತ್ತಾನೆ, ತಿಳಿದೆನೆಂದುಕೊಂಡವನು ಕೇಳುವುದಿಲ್ಲ.

ಇವೆಲ್ಲಕ್ಕಿಂತಲೂ ಸೂಕ್ಷ್ಮವಾದುದು ಮರ್ಯಾದೆಯ ವಿಷಯ. ಗ್ರಾಂಥಿಕ ತೆಲುಗಿನಲ್ಲಿ ನೀವು ಎಂಬುದು ಏಕವಚನ, ನಮ್ಮ ನೀನು ಇದ್ದಂತೆ. ಆಡುಮಾತಿನಲ್ಲಿ ಅದು ನುವ್ವು. ಗೌರವಕ್ಕೆ ಅವರು ಮೀರು ಎನ್ನುತ್ತಾರೆ. ನಮ್ಮಲ್ಲಿ ಮೀರುವುದೆಂದರೆ ಎಲ್ಲೆ ದಾಟುವುದು. ನಾನು ಎಂಬುದಕ್ಕೆ ಅವರು ನೇನು ಎನ್ನುವುದನ್ನು ನಾವು ನೀನು ಎಂದು ಕೇಳಿಸಿಕೊಳ್ಳುವುದು ಸಹಜ. ಲಿಂಗದ ವ್ಯವಸ್ಥೆಯಲ್ಲಿಯೂ ಭೇದವಿದೆ. ನಾವು ‘ಅವಳು ಬಂದಳು’, ‘ಹಸು ಬಂದಿತು’ ಎಂದು ಬೇರೆಬೇರೆಯಾಗಿ ಹೇಳುತ್ತೇವೆ. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾರೂಪ. ಬಹುವಚನದಲ್ಲಿ ಮಾತ್ರ ಸ್ತ್ರೀಯರು ಪುರುಷರ ಸಂಗಡ ‘ವಚ್ಚಾರು’ ಎಂಬ ಮನುಷ್ಯವರ್ಗಕ್ಕೆ ಸೇರುತ್ತಾರೆ. ಇದನ್ನು ತಿಳಿಯದ ಕನ್ನಡಿಗನು, ತೆಲುಗರು ತಮ್ಮ ಹೆಣ್ಣುಮಕ್ಕಳನ್ನು ಅಗೌರವದಿಂದ ಕಾಣುತ್ತಾರೆಂದು ತಿಳಿಯಬಹುದು. ಅದು ವ್ಯಾಕರಣದ ಕೆಲಸ, ಹೃದಯದ ಕೆಲಸವಲ್ಲ. ಜರ್ಮನ್ನಿನಲ್ಲಿ ಮೂರು ಲಿಂಗಗಳಿದ್ದು ಇಂದಿನ ಡಚ್ಚಿನ ನಾಮಪದಗಳಲ್ಲಿ ಪುಂಸ್ತ್ರೀಲಿಂಗಗಳು ಬಹುಮಟ್ಟಿಗೆ ಒಂದಾಗಿ ಹೋಗಿರುವುದನ್ನು ನೋಡಿ, ಡಚ್ಚರು ಗಂಡು ಹೆಣ್ಣುಗಳ ಭೇದವನ್ನು ಅರಿಯರೆಂದು ಯಾರೂ ಹೇಳುವುದಿಲ್ಲ. ನೆರೆಯವರ ಮಾತನ್ನು ನಮ್ಮ ವ್ಯಾಕರಣದಿಂದ ಅಳೆದು ಅವರ ಶೀಲವನ್ನು ನಿರ್ಣಯಿಸುವುದು, ಕಳ್ಳನ್ನು ಕಲ್ಲೆಂದು ತಿಳಿಯುವುದಕ್ಕಿಂತ ದೊಡ್ಡ ಪ್ರಮಾದ.

ಈಗ ಒಂದು ಪ್ರಶ್ನೆಯನ್ನು ವಿಚಾರಿಸಬೇಕು. ಕನ್ನಡ ತೆಲುಗುಗಳ ಈ ಸಾಮೀಪ್ಯಕ್ಕೆ ಕಾರಣವೇನು? ಒಡಹುಟ್ಟಿದ ಭಾಷೆಗಳಾದ್ದರಿಂದ ಎಂದು ಸಾಮಾನ್ಯವಾಗಿ ಹೇಳುವುದುಂಟು. ಎರಡೂ ದ್ರಾವಿಡ ಕುಲದವೆಂಬುದು ನಿಜ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಪ್ರತ್ಯೇಕ ಕುಲಕ್ಕೆ ಸೇರಿದವೆಂದು ೧೮೧೬ರಲ್ಲಿ ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿಯು ತಮಿಳು ತೆಲುಗು ಕನ್ನಡಗಳ ಶಬ್ದಗಳನ್ನು ಜೋಡಿಸಿಟ್ಟು ತೋರಿಸಿದನು. ೧೮೫೬ರಲ್ಲಿ ಕಾಲ್ಡ್‌ವೆಲ್ಲನು ಅದನ್ನು ವಿಸ್ತರಿಸಿದನು. ಆದರೆ ಆ ಕುಲದೊಳಗಣ ಶಾಖೆಗಳನ್ನು ಸೂಕ್ಷ್ಮವಾಗಿ ವಿಂಗಡಿಸಿದ ಭದ್ರಿರಾಜು ಕೃಷ್ಣಮೂರ್ತಿಗಳೇ ಮೊದಲಾದ ಪಂಡಿತರ ನಿರ್ಣಯವು ಬೇರೆ. ಕನ್ನಡವು ತಮಿಳು, ಮಲೆಯಾಳ, ಕೊಡವ, ತುಳು ಭಾಷೆಗಳ ಸಂಗಡ ದಕ್ಷಿಣದ ಶಾಖೆಗೆ ಸೇರಿದೆ. ತೆಲುಗು ಗೋಂಡಿ, ಕುಯಿ ಮೊದಲಾದವುಗಳ ಸಂಗಡ ಇನ್ನೊಂದು ಶಾಖೆಗೆ ಸೇರಿದೆ. ಎಂದರೆ ರಕ್ತಸಂಬಂಧದಲ್ಲಿ ಕನ್ನಡಕ್ಕೆ ತೆಲುಗಿಗಿಂತ ತಮಿಳೇ ಹತ್ತಿರ. ಜರ್ಮನ್ ಡಚ್ಚುಗಳಷ್ಟು ನಿಕಟವಾದ ದಾಯಾದಿತನ ಇಲ್ಲಿಲ್ಲ.

ಹೀಗಿದ್ದರೂ ತೆಲುಗು ನಮಗೆ ಅಷ್ಟು ಆಪ್ತವಾಗಿ ತೋರುವುದು ನೆರೆಹೊರೆಯ ಬಾಳಿನಿಂದ. ಅದನ್ನು ಚರಿತ್ರೆ ಹೆಜ್ಜೆಹೆಜ್ಜೆಗೂ ತೋರಿಸುತ್ತದೆ. ಏಳನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿಯ ಚಾಲುಕ್ಯ ವಂಶದ ಕುಬ್ಜ ವಿಷ್ಣುವರ್ಧನನು ವೆಂಗಿಯಲ್ಲಿ ನೆಲೆನಿಂತಂದಿನಿಂದ ಕನ್ನಡ ನಾಡಿನ ಅರಸುಮನೆಯೂ ಆಂಧ್ರದ ಅರಸುಮನೆಯೂ ಬಂಧುಗಳಾದವು. ಕನ್ನಡದ ಆದಿಕವಿಯಾದ ಪಂಪನು ತನ್ನ ಕಾವ್ಯವನ್ನು ರಚಿಸಿದುದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ; ಆ ಊರು ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮನಾದ ಜಿನವಲ್ಲಭನು ಕರೀಂನಗರದ ಸೀಮೆಯ ಕುರಿಕ್ಯಾಲದ ಗುಡ್ಡದ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಪದ್ಯಗಳಿವೆ. ತೆಲುಗಿನ ನನ್ನಯ ಭಟ್ಟನ ಸಹಾಯಕನೆಂದು ಪ್ರಸಿದ್ಧನಾದ ನಾರಾಯಣ ಭಟ್ಟನು ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿಕ, ಆಂಧ್ರ ಭಾಷೆಗಳಲ್ಲಿ ಕವಿಯೆಂದು ನಂದಂಪೂಡಿಯ ಶಾಸನವು ಹೊಗಳುತ್ತದೆ. ಪಾಲ್ಕುರಿಕೆ ಸೋಮನಾಥನು ಎರಡು ಭಾಷೆಗಳಲ್ಲಿಯೂ ಬರೆದನು. ೧೫೨೦ರಲ್ಲಿ ಇದೇ ಎಡೆದೊರೆಗಾಗಿ ರಾಯಚೂರಿನಲ್ಲಿ ಬಿಜಾಪುರದ ಸುಲ್ತಾನನೊಡನೆ ಹೋರಾಡಿ ಗೆದ್ದ ಕೃಷ್ಣದೇವರಾಯನು ಕನ್ನಡರಾಯನೆನಿಸಿಕೊಂಡೇ ಆಮುಕ್ತಮಾಲ್ಯದವನ್ನು ತೆಲುಗಿನಲ್ಲಿ ರಚಿಸಿದನು.

ಲಿಪಿಯ ಕಥೆಯೂ ಇದೇ. ಮಸ್ಕಿಯ ಬಂಡೆಯ ಬ್ರಾಹ್ಮಿಯಿಂದ ಕದಂಬ ಚಾಲುಕ್ಯರ ಬರಹದ ಮೂಲಕ ಬೆಳೆದ ಲಿಪಿಯು ಬಹುಕಾಲದ ವರೆಗೆ ಎರಡು ಭಾಷೆಗಳಿಗೂ ಒಂದೇ ಆಗಿದ್ದಿತು. ಮುಂದೆ ತಲೆಕಟ್ಟು ಮೊದಲಾದವುಗಳಲ್ಲಿ ಕ್ರಮೇಣ ಕಂಡ ಸಣ್ಣ ಭೇದಗಳನ್ನು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಮೊಳೆಗಳು ಗಟ್ಟಿಮಾಡಿದವು. ಇಂದಿಗೂ ಕನ್ನಡ ಓದಬಲ್ಲವನು ಕೆಲವು ದಿನಗಳ ಅಭ್ಯಾಸದಿಂದ ತೆಲುಗು ಹಲಗೆಗಳನ್ನು ಓದಬಲ್ಲನು. ಆ ಸುಖ, ಹತ್ತಿರದ ದಾಯಾದಿಯಾದ ತಮಿಳಿನಲ್ಲಿ ಅವನಿಗಿಲ್ಲ. ಭಾಷೆಗಳ ಸಾಮೀಪ್ಯವನ್ನು ಹುಟ್ಟು ಅರ್ಧ ಕೊಟ್ಟರೆ ಬಾಳುವೆ ಅರ್ಧ ಕೊಡುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಸಂದರ್ಭದಲ್ಲಿ ಒಬ್ಬ ಜರ್ಮನನನ್ನು ನೆನೆಯುವುದು ಯುಕ್ತ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ೧೮೩೨ರಲ್ಲಿ ಹುಟ್ಟಿದುದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಆ ಸೀಮೆ ಹಾಲೆಂಡಿನ ಗಡಿಗೆ ಹೊಂದಿಕೊಂಡಿದೆ. ಅಲ್ಲಿಯ ಜನಪದದ ಮಾತಾದ ಕೆಳನಾಡ ಜರ್ಮನ್ನಿನಲ್ಲಿ ಪ, ಟ, ಕಗಳು ಡಚ್ಚಿನಲ್ಲಿರುವಂತೆಯೇ ಉಳಿದಿವೆ. ಗಡಿಸೀಮೆಯಲ್ಲಿ ಹುಟ್ಟಿದ ಆ ವಿದ್ವಾಂಸರು ೧೮೯೪ರಲ್ಲಿ ಹೊರತಂದ ಕನ್ನಡ ನಿಘಂಟಿನಲ್ಲಿ, ಶಬ್ದಕ್ಕೆ ಅರ್ಥವನ್ನು ಹೇಳಿ ಸುಮ್ಮನಾಗದೆ, ತಮಿಳು, ತೆಲುಗು, ಮಲೆಯಾಳ, ತುಳುಗಳ ಸಜಾತೀಯ ರೂಪಗಳನ್ನೂ ಪಕ್ಕದಲ್ಲಿಯೇ ಕೊಟ್ಟರು. ಒಂದು ಭಾಷೆಯನ್ನು ಅದರ ನೆರೆಯವರಿಂದ ಬೇರ್ಪಡಿಸಿ ತಿಳಿಯಲಾಗದೆಂಬ ತತ್ತ್ವವು ಆ ಗ್ರಂಥದ ಪುಟಪುಟದಲ್ಲಿಯೂ ಕಾಣುತ್ತದೆ.

ಆಡಳಿತದ ಗೆರೆಗಳಾದರೋ ಬೇರ್ಪಡಿಸದೆ ಇರಲಾರವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಭಾಷೆಗಳ ಆಧಾರದ ಮೇಲೆ ರಾಜ್ಯಗಳು ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಎರಡು ತೊರೆಗಳ ನಡುವಣ ಒಂದೇ ನಾಡು ಎರಡು ರಾಜ್ಯಗಳಾಯಿತು. ಜನರು ತಮ್ಮ ಭಾಷೆಯಲ್ಲಿ ಆಡಳಿತವನ್ನು ಪಡೆದುದು ದೊಡ್ಡ ಲಾಭ. ಲಿಂಗಸುಗೂರಿನ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದುವಂತಾದುದು ಆ ಬಳಿಕವೇ. ಮಸ್ಕಿಯ ಬಂಡೆಯ ಕಾಲದಿಂದ ಬಂದ ದುಭಾಷಿಯ ಅಧೀನತೆ ಅಲ್ಲಿಗೆ ತಗ್ಗಿತು. ಆದರೆ ಗೆರೆಯೆಳೆದ ಮೂರು ವರ್ಷ ಹಿಂದೆಯೇ ಕಾಲುವೆಯ ನೀರು ಬಂದಿದ್ದಿತು. ಗೆರೆಯ ಆಚೆಯವರು ಆ ನೀರನ್ನು ಹಿಂಬಾಲಿಸಿ ಈಚೆಗೆ ಬಂದರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿಯಲ್ಲಿ ವಸತಿಗಳಾದವು. ಬಂಗಾಳಿಯ ವಿಷಯದಲ್ಲಿ ಪಕಾರ ಹಕಾರಗಳ ಸೂತ್ರವು ನಿಷ್ಪ್ರಯೋಜಕ. ಅಲ್ಲಿ ಸಂಸ್ಕೃತ ಶಬ್ದಗಳ ಸಣ್ಣ ಸಂಕವೊಂದೇ ಗತಿ. ಭಾಷಾವಾರು ರಾಜ್ಯದೊಳಗೆಯೇ ಸಿಂಧನೂರು ಬಹುಭಾಷೆಗಳ ಊರಾಯಿತು.

ಇಂತಹ ಊರಿನಲ್ಲಿ ಯಾರು ಯಾರ ಭಾಷೆಯನ್ನು ಕಲಿಯಬೇಕು? ಯೂರೋಪಿನ ನಿದರ್ಶನವನ್ನೇ ನೋಡಿದರೆ, ಡಚ್ಚರಲ್ಲಿ ಬಹುಮಂದಿ ಶಾಲೆಯಲ್ಲಿ ಜರ್ಮನ್ನನ್ನು ಕಲಿಯುತ್ತಾರೆ. ಜರ್ಮನರಲ್ಲಿ ಡಚ್ಚು ಕಲಿಯುವವರು ಕಡಮೆ. ಆದ್ದರಿಂದ ಜರ್ಮನ್ ಪ್ರಯಾಣಿಕನು ಹಾಲೆಂಡಿನಲ್ಲಿ ಸುಲಭವಾಗಿ ಕಾಲಕಳೆಯುವುದಕ್ಕೆ ಭಾಷೆಗಳ ಸಾಮ್ಯವಷ್ಟೇ ಕಾರಣವಲ್ಲ, ಎದುರಿನವನು ಪಟ್ಟ ಶ್ರಮವೂ ಕಾರಣ. ಸಿಂಧನೂರಿನಲ್ಲಿಯೂ ಹಾಗೆಯೇ. ಬಂದವನು ನೆಲದ ಭಾಷೆಯನ್ನು ಕಲಿಯುವುದು ಧರ್ಮ. ಶಾಲೆಯಲ್ಲಿ ಕನ್ನಡ ಓದಿದ ಅವನ ಮಕ್ಕಳು ಅದನ್ನು ನೆರವೇರಿಸುತ್ತಾರೆ. ಆ ಮಗುವು ಕಲಿತ ಕನ್ನಡದ ಫಲವನ್ನು ಉಣ್ಣುವ ನೆರೆಯವನು, ಇದೆಲ್ಲವೂ ತನ್ನ ಭಾಷೆಯ ಸಹಜ ವಿಜಯವೆಂದು ಭಾವಿಸಬಾರದು. ನಾಲ್ಕು ಸೂತ್ರಗಳನ್ನು ನೆನಪಿನಲ್ಲಿಟ್ಟುಕೊಂಡು, ಹತ್ತು ಮೋಸದ ಮಾತುಗಳನ್ನು ಗುರುತಿಸಿ, ಮೀರು ಎಂಬ ಒಂದು ಮರ್ಯಾದೆಯ ಶಬ್ದವನ್ನಾದರೂ ಕಲಿತರೆ, ಅವನೂ ಅರ್ಧ ದಾರಿ ನಡೆದಂತಾಗುತ್ತದೆ.

ಸಾರಾಂಶವಾಗಿ ಹೇಳತಕ್ಕದ್ದು ಇಷ್ಟು. ನೆರೆನುಡಿಯ ಅರ್ಧ ತಿಳಿವಳಿಕೆಯು ಪ್ರಯಾಣಕ್ಕೆ ಒಳ್ಳೆಯ ಬಂಡವಾಳ. ಆದರೆ ಅದನ್ನು ಪೂರ್ಣ ವಿದ್ಯೆಯೆಂದು ಬಗೆದು ಒಪ್ಪಂದದ ಕಾಗದಕ್ಕೆ ರುಜು ಹಾಕಬಾರದು. ದಾರಿ ಕೇಳಲು, ನೀರು ಬೇಡಲು, ಬಂಡಿಯ ಬಾಡಿಗೆಯನ್ನು ವಿಚಾರಿಸಲು ಅದು ಸಾಕು. ಹೊಲದ ಪಾಲನ್ನು ಗೊತ್ತುಮಾಡಲು, ಸಾಲದ ಬಡ್ಡಿಯನ್ನು ನಿರ್ಣಯಿಸಲು, ಒಬ್ಬನ ಗುಣದೋಷಗಳನ್ನು ಕುರಿತು ತೀರ್ಪು ಹೇಳಲು ಅದು ಸಾಲದು. ಕನ್ನಡ ತೆಲುಗುಗಳ ನಂಟನ್ನು ನಮ್ಮ ಹಿರಿಯರು ಹುಟ್ಟಿನಿಂದ ಪಡೆದುದಕ್ಕಿಂತ ಬಾಳಿನಿಂದ ಗಳಿಸಿದುದೇ ಹೆಚ್ಚು. ಹುಟ್ಟಿನ ನಂಟು ಮರೆತರೂ ಅಳಿಯದು. ಗಳಿಸಿದ ನಂಟು ಬಳಸದಿದ್ದರೆ ಕರಗಿಹೋಗುತ್ತದೆ. ಎಡೆದೊರೆಯ ಸಂತೆಗಳಲ್ಲಿ ಅದು ಇಂದಿಗೂ ಚಲಾವಣೆಯಲ್ಲಿದೆ. ಅದನ್ನು ಚಲಾವಣೆಯಲ್ಲಿಡುವ ಹೊಣೆ ಹಳ್ಳಿಯವರದೂ ಹೌದು, ಕ್ಯಾಂಪಿನವರದೂ ಹೌದು.